ತಲುಪುವ ಸಮಯ ಖಾಲಿ ಇರಲಿ

"ಮುಟ್ಬೇಡಿ! ಆ ಹಲಗೆ ಮುಟ್ಬೇಡಿ!"

ಅವಳು ಕೂಗಿದ ರಭಸಕ್ಕೆ ಮೆಕ್ಯಾನಿಕ್ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

"ಧೂಳು ಒರೆಸ್ತಿದ್ದೆ ಅಷ್ಟೇ ಮೇಡಂ..."

"ಅದು ಧೂಳಲ್ಲ. ನಮ್ಮಜ್ಜಿ ಅಕ್ಷರ!"

ಅವನು ಬಗ್ಗಿ ನೋಡಿದ. ಕಾರಿನ ಎಡಗಡೆ ಸೀಟಿನ ಎದುರಿನ ಮರದ ಹಲಗೆಯ ಮೇಲೆ ಮಾಸಿದ ಪೆನ್ಸಿಲ್ ಸಾಲುಗಳಿದ್ದವು. ಹೊರಟ ಸಮಯ, ತಲುಪಿದ ಸಮಯ. ಕೊನೆಗೆ, 'ತಿರುವಿದೆ. ನಿಧಾನ.'

ಎರಡನೇ ಮಹಾಯುದ್ಧಕ್ಕೂ ಮುಂಚಿನ ಬ್ರಿಟಿಷ್ ಸಲೂನ್ ಕಾರದು. ಉದ್ದ ಮೂತಿ, ಬಟ್ಟಲುಗಣ್ಣಿನಂಥ ದೀಪಗಳು, ಚರ್ಮದ ಸೀಟಿನ ಹಳೇ ವಾಸನೆ! ಅಜ್ಜ ಕೊಂಡಾಗಲೇ ಅದಕ್ಕೆ ವಯಸ್ಸಾಗಿತ್ತು. ಆದರೂ ಅಜ್ಜ ಒಂಬತ್ತು ರ‍್ಯಾಲಿ ಓಡಿಸಿದ್ದ, ಒಂಬತ್ತರಲ್ಲೂ ಪಕ್ಕದಲ್ಲಿ ಕೂತು ದಾರಿ ಹೇಳಿದ್ದವಳು ಅಜ್ಜಿ. ಈಗ ಅಜ್ಜಿಯಿಲ್ಲ, ಅಜ್ಜನ ಕಣ್ಣು ಮಂಜು. ಬರುವ ತಿಂಗಳ ಹಳೇ ಕಾರುಗಳ ರ‍್ಯಾಲಿಗೆ ಮೊಮ್ಮಗಳೇ ಸ್ಟೀರಿಂಗ್ ಹಿಡಿಯಬೇಕು.

ಮಾರನೇ ದಿನ ಅವಳು ಮತ್ತೆ ಗ್ಯಾರೇಜಿಗೆ ಬಂದಳು. ಅದರ ಮಾರನೇ ದಿನವೂ...

'ಕಾರು ನೋಡೋಕೆ ಬರ್ತಿದೀನಾ? ಇವನನ್ನಾ?'

ರ‍್ಯಾಲಿಗೆ ಎರಡೇ ದಿನ ಉಳಿದಿದ್ದ ಶುಕ್ರವಾರ ಬಂದು ನೋಡಿದರೆ ಹಲಗೆ ಫಳಫಳ ಹೊಳೆಯುತ್ತಿದೆ. ಒಂದಕ್ಷರವೂ ಇಲ್ಲ!

"ಉಜ್ಜಿಬಿಟ್ರಾ?"

"ಒಂದ್ನಿಮಿಷ ಕೇಳಿ..."

"ನಿಮ್ಮನ್ನ ನಂಬಿದ್ನಲ್ಲ, ನಂಗೆ ಬುದ್ಧಿಯಿಲ್ಲ!"

ಕಾರು ಹತ್ತಿ ಹೊರಟೇಬಿಟ್ಟಳು.

ಶನಿವಾರವಿಡೀ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಫೋನ್ ಎತ್ತುವುದು, ಇಡುವುದು...

"ಅವನು ಹೇಳಿದ್ದಾದ್ರೂ ಏನು ಪುಟ್ಟಿ?" ಎಂದ ಅಜ್ಜ.

"ಕೇಳ್ಲಿಲ್ಲ."

"ಸರಿಹೋಯ್ತು! ಕೋಪದಲ್ಲಿ ಕೊಯ್ದ ಮೂಗು ಶಾಂತವಾದ್ಮೇಲೆ ಬರುತ್ತಾ? ನಾಳೆ ಪಕ್ಕದಲ್ಲಿ ಕೂತು ದಾರಿ ಹೇಳೋರ್ಯಾರು? ಒಬ್ರೇ ಬಂದ್ರೆ ರ‍್ಯಾಲಿಯವ್ರು ಹೊರಡೋಕೇ ಬಿಡಲ್ಲ!"

ಆ ಸೀಟಿಗೆ ಅವನನ್ನೇ ಕರೆಯಬೇಕೆಂದಿದ್ದಳು. ಅಜ್ಜಿಯ ಅಕ್ಷರ ಹೋಯಿತು. ಅವನೂ ಹೋದ. ಯಾವುದಕ್ಕೆ ಹೆಚ್ಚು ಅಳು ಬರುತ್ತಿದೆ ಎಂಬುದು ಅವಳಿಗೇ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಕಾರುಗಳು ಸಾಲಾಗಿ ನಿಂತಿದ್ದವು. ಅವಳ ಎಡಗಡೆ ಸೀಟು ಮಾತ್ರ ಖಾಲಿ. ಅಷ್ಟರಲ್ಲಿ ಟವೆಲ್ ಸುತ್ತಿದ ಹಲಗೆ ಹಿಡಿದು ಮೆಕ್ಯಾನಿಕ್ ಓಡಿ ಬಂದ.

"ಇದಕ್ಕೆ ಹುಳು ಹಿಡಿದಿತ್ತು. ಮದ್ದು ಹಾಕಿ ಒಣಗಿಸೋಕೆ ಬಿಚ್ಚಿಟ್ಟಿದ್ದೆ. ಶುಕ್ರವಾರ ಸಂಜೆ ರ‍್ಯಾಲಿಯವ್ರ ತಪಾಸಣೆಗೆ ಜಾಗ ಖಾಲಿ ಬಿಡೋ ಹಾಗಿರ್ಲಿಲ್ಲ, ಅದಕ್ಕೇ ಬೇರೆ ಹಲಗೆ ಕೂರಿಸಿದ್ದೆ. ನಾಲ್ಕೇ ಸ್ಕ್ರೂ, ಸರೀರಿ ಸ್ವಲ್ಪ..."

ಟವೆಲ್ ಜಾರಿತು. 'ತಿರುವಿದೆ. ನಿಧಾನ.'

ಅವಳ ಕಣ್ಣು ತುಂಬಿತು. "ಅವತ್ತೇ ಹೇಳ್ಬಾರ್ದಿತ್ತಾ?"

"ಬಾಯಿ ತೆಗೆಯೋಕೆ ಬಿಟ್ರಾ?"

ಹೊರಗೆ ನಿಂತಿದ್ದ ಅಜ್ಜ ಗಟ್ಟಿಯಾಗಿ ನಕ್ಕ. ಕೊನೆಯ ಸ್ಕ್ರೂ ಬಿಗಿಯಾಯಿತು. ಅವನು ಇಳಿಯಲು ಹೊರಟಾಗ ಅವಳು ತೋಳು ಹಿಡಿದಳು.

"ತಪ್ಪಾಯ್ತು. ಎರಡು ದಿನ ಜೀವಕ್ಕೇ ಸಮಾಧಾನ ಇರ್ಲಿಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ... ದಾರಿ ಹೇಳ್ತೀರಾ?"

ಅವನು ಬಾಗಿಲು ಹಾಕಿಕೊಂಡ. ಕಿವಿಯ ಮೇಲಿನ ಪೆನ್ಸಿಲ್ ತೆಗೆದ.

"ಅಜ್ಜಿ ಸಾಲಿನ ಕೆಳಗೆ ಬರೀಲಾ?"

"ಬರೀರಿ. ಹೊರಟ ಸಮಯ, ಎಂಟು ಹತ್ತು."

"ತಲುಪೋ ಸಮಯ?"

"ಖಾಲಿ ಬಿಡಿ," ಎಂದಳು ಅವಳು. "ನಂಗೀಗ ಅವಸರ ಇಲ್ಲ."