ಕೊಕ್ಕೆಯ ಹಚ್ಚೆ

ಬಹಳ ಹಿಂದೆ, ಹುಲಿಗಳು ಅರಮನೆಯ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ, ಗೊರವಂಕ ಹಕ್ಕಿಗಳು ರಾಜರಿಗೆ ಬುದ್ಧಿ ಹೇಳುತ್ತಿದ್ದ ಕಾಲದಲ್ಲಿ, ಮಣಿಗೆರೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಮೈಮೇಲೆ ಹಚ್ಚೆಯಿಲ್ಲದ ಮನುಷ್ಯರೇ ಇರಲಿಲ್ಲ. ಮುಂಗೈಯಲ್ಲಿ ಗಿಳಿ, ಕಾಲಿನಲ್ಲಿ ಬಳ್ಳಿ, ಗಲ್ಲದ ಮೇಲೆ ಚುಕ್ಕೆ. ಸತ್ತ ದಿನ ಒಡವೆಯನ್ನೆಲ್ಲ ಸೊಸೆಯಂದಿರು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯನ್ನು ಬಿಚ್ಚಿಕೊಳ್ಳಲಿ ನೋಡೋಣ ಎಂದು ಅಲ್ಲಿಯ ಮುದುಕಿಯರು ನಗುತ್ತಿದ್ದರು.

ಹಚ್ಚೆ ಹಾಕುವ ಹೊನ್ನಜ್ಜಿಗೆ ಒಬ್ಬಳು ಮೊಮ್ಮಗಳು, ಹೆಸರು ಸಣ್ಣೀರಿ. ದೀಪದ ಮಸಿಗೆ ಸೊಪ್ಪಿನ ರಸ ಕಲಸುವುದನ್ನು ಕಲಿತಳು, ಸೂಜಿ ಹಿಡಿಯುವುದನ್ನು ಕಲಿತಳು, ಮೊದಲ ಹಚ್ಚೆಯನ್ನು ತನ್ನ ತೊಡೆಯ ಮೇಲೆ ತಾನೇ ಹಾಕಿಕೊಂಡು ಹಲ್ಲುಕಚ್ಚಿ ನೋವು ನುಂಗಿದಳು. ಅವಳ ಗೆರೆ ಅಜ್ಜಿಯ ಗೆರೆಗಿಂತ ಚೊಕ್ಕವಾಗಿತ್ತು. ಆದರೂ ಇನ್ನೊಬ್ಬರ ಮೈ ಮುಟ್ಟಲು ಅಜ್ಜಿ ಬಿಡಲಿಲ್ಲ.

“ನಿನ್ನ ಕೈ ಪಳಗೈತೆ ಕಣವ್ವ, ಬಾಯಿ ಪಳಗಿಲ್ಲ,” ಎನ್ನುತ್ತಿದ್ದಳು ಹೊನ್ನಜ್ಜಿ. “ಏನು ಹಾಕ್ಲಿ ಅಂತ ಕೇಳ್ಬೇಕು. ಚುಚ್ಚೋವಾಗ ಹಾಡ್ಬೇಕು. ಕೇಳಿ, ಹಾಡಿ ಹಾಕಿದ ಹಚ್ಚೆ, ಮೈ ಯಾರ್ದೋ ಅವರದ್ದು. ಬಾಯ್ಮುಚ್ಕೊಂಡು ಹಾಕಿದ ಹಚ್ಚೆ, ಹಾಕು ಅಂತ ಅಪ್ಪಣೆ ಕೊಟ್ಟೋನದ್ದು.”

ಸಣ್ಣೀರಿಗೆ ಇದು ಮುದುಕಿಯ ಗೊಣಗಾಟ. ಅವಳಿಗೆ ಹಾಡು ಬರುತ್ತಿರಲಿಲ್ಲ. ಕೂತರೆ ಗೆರೆ, ನಿಂತರೆ ಗೆರೆ. ತಲೆ ಬಗ್ಗಿಸಿದಳೆಂದರೆ ಚರ್ಮ ಬಿಟ್ಟು ಬೇರೇನೂ ಅವಳಿಗೆ ಕಾಣುತ್ತಿರಲಿಲ್ಲ.

ಒಂದು ದಿನ ಊರಲ್ಲಿ ಡಂಗುರ ಸಾರಿದರು. ರಾಜನ ಮಂತ್ರಿ ಗರಳನಾಥನಿಗೆ ಹಚ್ಚೆ ಹಾಕುವವರು ಬೇಕಂತೆ, ಮೂರು ಪರೀಕ್ಷೆ ಗೆದ್ದವರಿಗೆ ಅರಮನೆಯಲ್ಲೇ ಕೆಲಸವಂತೆ. ಗರಳನಾಥ ಮಾಟಗಾರನೆಂದು ಊರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಎದೆ ಯಾರಿಗೂ ಇರಲಿಲ್ಲ. ಅಜ್ಜಿ ಹೋಗಬೇಡವೆಂದಳು.

“ನಿಂಗೆ ಹೊಟ್ಟೆಕಿಚ್ಚು, ಅಜ್ಜಿ!” ಎಂದು ಸಣ್ಣೀರಿ ಸೂಜಿಗಳನ್ನು ಸೆರಗಿಗೆ ಕಟ್ಟಿಕೊಂಡು ಹೊರಟೇಬಿಟ್ಟಳು.

ಗರಳನಾಥ ಇದ್ದಿಲಿನಲ್ಲಿ ನೆಲದ ಮೇಲೆ ಒಂದು ಕೊಕ್ಕೆಯ ಚಿತ್ರ ಬರೆದ. “ಇಷ್ಟೇ. ಮೂರು ಸಲ ಇದನ್ನು ಹಾಕಬೇಕು. ಹಾಡುಗೀಡು ಕೂಡದು, ನನಗೆ ತಲೆನೋವು,” ಎಂದ. ಸಣ್ಣೀರಿಗೆ ಎಷ್ಟು ಖುಷಿಯಾಯಿತೆಂದರೆ ಹೋಗಿ ಅವನ ಕಾಲಿಗೆ ಬಿದ್ದಳು.

ಮೊದಲನೆಯ ಪರೀಕ್ಷೆ ಹುಲಿ. ಹೊಗೆ ಹಾಕಿ ಅದನ್ನು ಮಲಗಿಸಿದ್ದರು. ಸಣ್ಣೀರಿ ಪಂಜದ ರೋಮ ಕತ್ತರಿಸಿ, ಬಾಯಿ ಮುಚ್ಚಿಕೊಂಡು ಕೊಕ್ಕೆ ಬರೆದಳು. ಎದ್ದ ಹುಲಿ ಗರಳನಾಥ ಬೆರಳು ತೋರಿಸಿದ ಕಡೆ ಹೋಗಿ ಕೂತಿತು.

ಎರಡನೆಯದು ರಾಜನ ಗೊರವಂಕ. ಕಡ್ಡಿಯಷ್ಟು ಸಣ್ಣ ಕಾಲು, ಆದರೂ ಅವಳ ಗೆರೆ ಅಲುಗಲಿಲ್ಲ. ರಾಜನಿಗೆ ಒಳ್ಳೆಯದು ಕೆಟ್ಟದ್ದು ಹೇಳುತ್ತಿದ್ದ ಹಕ್ಕಿ ಅಂದಿನಿಂದ ಗರಳನಾಥ ಹೇಳಿದ್ದನ್ನಷ್ಟೇ ಹೇಳತೊಡಗಿತು.

ಮೂರನೆಯದು ರಾಜನೇ. ಕುರ್ಚಿಗೆ ಕಟ್ಟಿ ಕೂರಿಸಿ, ಮೇಲೆ ಶಾಲು ಹೊದಿಸಿದ್ದರು. ಸಣ್ಣೀರಿಗೆ ಕಂಡದ್ದು ಮುಂಗೈ ಮಾತ್ರ.

“ಬೇಡಮ್ಮ,” ಎಂದ ರಾಜ.

ಸೂಜಿಗೆ ಹೆದರುವ ಗಂಡಸರನ್ನು ಅವಳು ಅಜ್ಜಿಯ ಜಗಲಿಯಲ್ಲಿ ಬೇಕಾದಷ್ಟು ನೋಡಿದ್ದಳು. “ಒಂದ್ನಿಮಿಷ ಬುದ್ಧಿ, ಆಗೋಯ್ತು,” ಎಂದು ಚುಚ್ಚಿದಳು. ಅಲ್ಲಿಂದ ರಾಜನ ಬಾಯಲ್ಲಿ ಗರಳನಾಥನ ಮಾತೇ ಬಂತು.

ಹೀಗೆ ಅವಳಿಗೆ ಕೆಲಸ ಸಿಕ್ಕಿತು. ಹೊಸ ಸೀರೆ, ಬೆಳ್ಳಿಹಿಡಿಯ ಸೂಜಿ, ಕೂರಲು ಮೆತ್ತೆ. ಮಾರನೆಯ ದಿನ ರಾಜನ ಬಾಯಿಂದಲೇ ಅಪ್ಪಣೆಯಾಯಿತು, ಪ್ರಜೆಗಳೆಲ್ಲ ಬಂದು ಕೊಕ್ಕೆಯ ಹಚ್ಚೆ ಹಾಕಿಸಿಕೊಳ್ಳಬೇಕು. ಒಂದೊಂದೇ ಬೀದಿಯ ಜನ ಅರಮನೆಯ ಹಿತ್ತಲಿಗೆ ಬಂದು ಸಾಲು ನಿಂತರು. ಸಣ್ಣೀರಿ ತಲೆ ಬಗ್ಗಿಸಿದಳು. ಒಂದು ಕೈ ಹೋಗಿ ಇನ್ನೊಂದು ಕೈ ಬಂತು, ಅದು ಹೋಗಿ ಮತ್ತೊಂದು ಬಂತು. ಯಾರ ಮುಖವನ್ನೂ ಅವಳು ನೋಡಲಿಲ್ಲ. ಎಲ್ಲೋ ಒಂದು ಮಗು ಒಂದೇ ಸಮನೆ ಅಳುತ್ತಿತ್ತು. ಕೈ ನಡುಗೀತೆಂದು ಅವಳು ಕಿವಿಗೆ ಹತ್ತಿ ಇಟ್ಟುಕೊಂಡಳು.

ಅವಳ ಬೆನ್ನ ಹಿಂದೆ ಆಗುತ್ತಿದ್ದದ್ದು ಇದು. ಹಾಕಿದ ಒಂದೊಂದು ಕೊಕ್ಕೆಯಿಂದಲೂ ಗರಳನಾಥನ ಬೆರಳಿಗೆ ಒಂದೊಂದು ದಾರ, ಕೂದಲಿಗಿಂತ ಸಣ್ಣದು. ಪಾತಾಳದ ನಾಗನ ಮಣಿ ಸಿಕ್ಕಿದರೆ ತನಗೆ ಸಾವಿಲ್ಲವೆಂದು ಅವನು ಹಿತ್ತಲಿನಲ್ಲಿ ಗುಂಡಿ ತೋಡಿಸುತ್ತಿದ್ದ. ಅವನು ಬೆರಳಾಡಿಸಿದರೆ ಜನ ಗುಂಡಿಗೆ ಇಳಿಯುತ್ತಿದ್ದರು, ಉಗುರು ಕಿತ್ತುಹೋದರೂ ಅಗೆಯುತ್ತಿದ್ದರು. ಬಿದ್ದವರನ್ನು ಎತ್ತುವವರಿರಲಿಲ್ಲ, ಅಗೆದ ಮಣ್ಣು ಅವರ ಮೇಲೇ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಸಣ್ಣೀರಿಯ ಮುಂದೆ ಒಂದು ತೋಳು ಬಂತು. ಮಣಿಕಟ್ಟಿನಿಂದ ಭುಜದವರೆಗೆ ಹಚ್ಚೆಯೋ ಹಚ್ಚೆ, ಸಾಸಿವೆಯಷ್ಟೂ ಜಾಗವಿಲ್ಲ. ಅಂಥ ತೋಳು ರಾಜ್ಯದಲ್ಲಿ ಒಬ್ಬಳದೇ. ಸೂಜಿ ನಿಂತಿತು.

“ಯಾಕೆ ನಿಂತೆ, ಮಗ? ಕೆನ್ನೆ ಖಾಲಿ ಐತಲ್ಲ,” ಎಂದಳು ಹೊನ್ನಜ್ಜಿ, ಅವಳ ಕಿವಿಯ ಹತ್ತಿ ಕಿತ್ತು.

ಕೆನ್ನೆಗೆ ಹಾಕಬೇಕಾದರೆ ತಲೆ ಎತ್ತಬೇಕು. ಸಣ್ಣೀರಿ ತಲೆ ಎತ್ತಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಅತ್ತ ನೋಡೆಂದು ಅವಳ ಗಲ್ಲ ಹಿಡಿದು ತಿರುಗಿಸಿದಳು. ಗುಂಡಿಯ ಅಂಚಿನಲ್ಲಿ ಪಕ್ಕದ ಮನೆಯ ತಿಪ್ಪಕ್ಕ ಮಣ್ಣು ಹೊರುತ್ತಿದ್ದಳು. ಅವಳ ಸೀರೆ ಹಿಡಿದು ಅವಳ ಮಗು ಕಿರುಚುತ್ತಿತ್ತು. ತಿಪ್ಪಕ್ಕ ತಿರುಗಿ ನೋಡಲಿಲ್ಲ, ಮಗುವನ್ನು ಎಳೆದುಕೊಂಡೇ ಗುಂಡಿಗೆ ಇಳಿಯಹೊರಟಿದ್ದಳು. ಅವಳ ಕೈಮೇಲೆ ಸಣ್ಣೀರಿಯ ಗೆರೆ, ಎಷ್ಟು ಚೆಂದ, ಎಷ್ಟು ನುಣುಪು. ಸಣ್ಣೀರಿಗೆ ತನ್ನ ಕೈಯನ್ನೇ ಕಡಿದು ಹಾಕೋಣ ಎನ್ನಿಸಿತು.

“ಅಜ್ಜಿ, ಇದನ್ನ ಅಳಿಸೋದು ಹೆಂಗೆ?”

“ಹಚ್ಚೆ ಅಳಿಸೋಕೆ ಆಗಲ್ಲ ಕಣವ್ವ. ಸೇರಿಸಬೋದು. ಕೇಳಿ ಸೇರಿಸು.”

ಸಣ್ಣೀರಿ ಓಡಿಹೋಗಿ ತಿಪ್ಪಕ್ಕನ ಕೈ ಹಿಡಿದಳು. “ಅಕ್ಕಾ, ಈ ಕೊಕ್ಕೇನ ಏನು ಮಾಡ್ಲಿ? ಹೇಳಕ್ಕಾ!” ತಿಪ್ಪಕ್ಕನ ಬಾಯಿ ತೆರೆಯಲಿಲ್ಲ. ಮಾಳಿಗೆಯ ಮೇಲೆ ಗರಳನಾಥ ನಕ್ಕ, ಬೆರಳು ಎಳೆದ. ಸಣ್ಣೀರಿ ಕೈಬಿಡದೆ ಹಾಡತೊಡಗಿದಳು. ರಾಗವಿಲ್ಲ, ತಾಳವಿಲ್ಲ, ಅರ್ಧಕ್ಕೆ ಪದ ಮರೆತು ಮತ್ತೆ ಮೊದಲಿಂದ. ಹಾಡುತ್ತಲೇ ಕೊಕ್ಕೆಯ ಮೇಲೆ ಒಂದು ಚುಕ್ಕೆ ಚುಚ್ಚಿದಳು.

“ಅಯ್ಯೋ, ನೋವು!” ಎಂದಳು ತಿಪ್ಪಕ್ಕ. ಮೊದಲು ನೋವು ಬಂತು, ಆಮೇಲೆ ಕಣ್ಣಲ್ಲಿ ನೀರು ಬಂತು, ಆಮೇಲೆ ಮಗುವಿನ ಅಳು ಕೇಳಿಸಿತು. ಬಾಚಿ ಎತ್ತಿಕೊಂಡಳು. “ಸೌಟು ಮಾಡೇ, ಸೌಟು! ನನ್ ಕೂಸು ಹಸ್ಕೊಂಡೈತೆ!” ಕೊಕ್ಕೆ ಸೌಟಾಯಿತು. ದಾರ ಕಿತ್ತುಬಂತು.

ಗರಳನಾಥ ಹುಲಿಯನ್ನು ಬಿಟ್ಟ. ಹುಲಿ ಸಣ್ಣೀರಿಯ ಮೇಲೆ ಹಾರಿತು, ನಡುವೆ ಹೊನ್ನಜ್ಜಿ ಬಂದು ನಿಂತಳು. ಹುಲಿಯ ಹಲ್ಲು ಅವಳ ಭುಜಕ್ಕೆ ಇಳಿಯಿತು.

“ಕೈ ನಿಲ್ಲಿಸ್ಬೇಡ!” ಎಂದಳು ಅಜ್ಜಿ, ಹುಲಿಯ ಬಾಯಲ್ಲಿದ್ದುಕೊಂಡೇ.

ಸಣ್ಣೀರಿ ಅಳುತ್ತಲೇ ಹಾಡುತ್ತಾ ಹುಲಿಯ ಪಂಜ ಹಿಡಿದಳು. “ನಿಂಗೇನು ಬೇಕಪ್ಪ? ಏನು ಮಾಡ್ಲಿ?” ಹುಲಿ ಹೇಳೀತೇ? ಅವಳು ಅದರ ಕಣ್ಣನ್ನೇ ನೋಡಿದಳು. ಅದರ ನೋಟ ಕೋಟೆಯ ಗೋಡೆ ದಾಟಿ ಕಾಡಿನ ಕಡೆಗಿತ್ತು. ಕೊಕ್ಕೆಯ ಸುತ್ತ ನಾಲ್ಕು ಗೆರೆ ಎಳೆದು ಹುಲ್ಲು ಮಾಡಿದಳು. ಹುಲಿ ಅಜ್ಜಿಯನ್ನು ಮೆಲ್ಲಗೆ ಕೆಳಗಿಳಿಸಿತು. ಆಮೇಲೆ ಮಾಳಿಗೆಯ ಮೆಟ್ಟಿಲು ಹತ್ತಿತು. ಗರಳನಾಥ ಎಲ್ಲ ಬೆರಳನ್ನೂ ಆಡಿಸಿದ, ಹತ್ತು ಮಂತ್ರ ಹೇಳಿದ, ಕೊನೆಗೆ ಎಲ್ಲರಂತೆ ಅಮ್ಮಾ ಎಂದು ಕೂಗಿದ. ಅಲ್ಲಿಗೆ ಅವನ ಕತೆ ಮುಗಿಯಿತು. ದಾರಗಳೆಲ್ಲ ಉದುರಿದವು. ಗುಂಡಿಯಿಂದ ಜನ ಒಬ್ಬೊಬ್ಬರೇ ಮೇಲೆ ಬಂದರು. ಬಹಳ ಜನ ಬರಲೇ ಇಲ್ಲ.

ಅಜ್ಜಿಯ ತಲೆ ಸಣ್ಣೀರಿಯ ತೊಡೆಯ ಮೇಲಿತ್ತು. “ಕತ್ತೆ ಹಂಗೆ ಹಾಡ್ತೀಯ,” ಎಂದಳು. “ಹಾಡು, ನಂಗೂ ನೋಯ್ತೈತೆ.” ಸಣ್ಣೀರಿ ಹಾಡಿದಳು. ಹಾಡು ಮುಗಿಯುವ ಮೊದಲೇ ಅಜ್ಜಿ ಹೋಗಿಬಿಟ್ಟಿದ್ದಳು.

ದಾರ ಹೋದರೂ ಕೊಕ್ಕೆ ಉಳಿದಿತ್ತು. ಸಣ್ಣೀರಿ ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತು ಕೇಳಿದಳು. ಒಬ್ಬಳು ಗಿಳಿಯ ಕೊಕ್ಕು ಮಾಡಿಸಿಕೊಂಡಳು, ಒಬ್ಬ ಕುಡುಗೋಲು ಮಾಡಿಸಿಕೊಂಡ. ಕೆಲವರು ಮುಖಕ್ಕೆ ಬಾಗಿಲು ಹಾಕಿದರು. ಒಬ್ಬ ಮುದುಕ, ಮಗನನ್ನು ಗುಂಡಿಯಲ್ಲಿ ಕಳೆದುಕೊಂಡವನು, ಅವಳ ಕಾಲ ಬಳಿ ಉಗಿದ. ಅವಳು ಪಕ್ಕದ ಬಾಗಿಲಿಗೆ ಹೋಗಿ ನಿಂತಳು. ರಾಜನೂ ಕೈ ಕೊಡಲಿಲ್ಲ. “ಬೇಡ ಅಂದಿದ್ದೆ, ನೀನು ಕೇಳಲಿಲ್ಲ. ಇದು ಹೀಗೇ ಇರಲಿ, ಇಬ್ಬರಿಗೂ ನೆನಪಿರಲಿ,” ಎಂದ. ಶಿಕ್ಷೆಯನ್ನೂ ಕೊಡಲಿಲ್ಲ. ಕೊಟ್ಟಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಗೊರವಂಕ ಬಾಯಿ ಬಂದದ್ದೇ ರಾಜನನ್ನು ಬೈಯತೊಡಗಿತು, ಗುಂಡಿ ಕೆರೆಯಾಯಿತು, ರಾಜ್ಯ ಮೆಲ್ಲಗೆ ಚೇತರಿಸಿಕೊಂಡಿತು. ಆಗ ಹೊಳೆಯಾಚೆಯ ಊರಿಂದ ಮದುವೆ ಗೊತ್ತಾದ ಹುಡುಗಿಯೊಬ್ಬಳು ಅತ್ತೆಯೊಂದಿಗೆ ಬಂದು ಸಣ್ಣೀರಿಯ ಮುಂದೆ ತೋಳು ಚಾಚಿದಳು.

“ತಾವರೆ ಹಾಕಕ್ಕ, ಐದು ಎಸಳಿಂದು.”

ತಾನಾಗಿ ಬಂದು ಕೇಳಿದವಳು ಅವಳೇ ಮೊದಲು. ಸಣ್ಣೀರಿ ಅವಳ ಮುಖವನ್ನು ಚೆನ್ನಾಗಿ ನೋಡಿದಳು, ಆಮೇಲೆ ಹಾಡುತ್ತಾ ಶುರು ಮಾಡಿದಳು. ಮೂರನೆಯ ಎಸಳಿಗೆ ಹುಡುಗಿ ಅತ್ತುಬಿಟ್ಟಳು. “ಸಾಕಕ್ಕ, ಸಾಕು.”

ಸಣ್ಣೀರಿ ಸೂಜಿ ಎತ್ತಿ ಒರೆಸಿ ಇಟ್ಟಳು.

“ಇದೇನು, ಅರ್ಧಕ್ಕೇ ನಿಲ್ಲಿಸ್ತೀಯ? ಮೂರು ಎಸಳಿನ ತಾವರೆ ಎಲ್ಲಾದ್ರೂ ಐತಾ?” ಎಂದು ಅತ್ತೆ ಜಗಳಕ್ಕೆ ನಿಂತಳು.

“ಇವಳ ತೋಳಲ್ಲಿ ಐತೆ,” ಎಂದಳು ಸಣ್ಣೀರಿ.

ಆ ಮೂರು ಎಸಳಿನ ತಾವರೆಯೊಂದಿಗೇ ಹುಡುಗಿ ಮದುವೆಯಾದಳು, ಮಕ್ಕಳನ್ನು ಹೆತ್ತಳು, ಮುದುಕಿಯಾದಳು, ಸುಖವಾಗಿ ಬಾಳಿದಳು.