ತೋಪಿನ ಗಾಡಿಗೆ ಕೊಳೆ ಹಚ್ಚಿದ ಚೆನ್ನಾಜಿ

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರ್ಲಿಲ್ಲ, ಅಷ್ಟು ಹಿಂದೆ, ತುಂಬೆಕೋಟೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಯುದ್ಧ ನಡೀತಿದ್ದದ್ದು ಬಯಲಲ್ಲಿ ಅಲ್ಲ, ಆಟದ ಹಲಗೆ ಮೇಲೆ. ಅಂಗೈಯಷ್ಟು ಮರದ ತೋಪಿನ ಗಾಡಿಗಳನ್ನ ಹಲಗೆ ಮೇಲಿಟ್ರೆ ಜೀವ ಬರೋದು. ತನ್ನ ಮೈ ಏನು ಹೇಳುತ್ತೋ ಅದನ್ನೇ ಪ್ರತಿ ಗಾಡೀನೂ ನಂಬೋದು.

ಆ ಹಲಗೆ ಕರಿಬೂದಿ ಅನ್ನೋ ಮಾಂತ್ರಿಕಂದು. ಅವನ ಹತ್ರ ಸೋತೋರು ಹೆಬ್ಬೆಟ್ಟಷ್ಟಾಗಿ ಅವನ ಗಾಡೀಲಿ ಕೂರ್ಬೇಕು. ಬೊಂಬೆಗೆ ಬಣ್ಣ ಹಾಕೋ ಚೆನ್ನಾಜಿಯ ಗಂಡ ಮಾಳಿಂಗ, ಮೀಸೆ ತಿರುವಿಕೊಂಡು ಆಡಕ್ಕೆ ಹೋದೋನು, ಸೋತು ಹಂಗೇ ಕೂತ.

ಚೆನ್ನಾಜಿ ಹೋಗಿ ಕರಿಬೂದಿ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ್ಲು. "ನನ್ನ ಗಂಡನ್ನ ಬಿಡಯ್ಯ."

"ಮೂರಾಟ ಆಡು. ಒಂದು ಗೆದ್ರೂ ಗಂಡ ನಿಂಗೆ. ಮೂರೂ ಸೋತ್ರೆ ನೀನೂ ಅವನ ಪಕ್ಕ."

ಮೊದಲ್ನೇ ಸಲ ಮುಖ ಕಾಣೋ ಹಂಗೆ ಅರಗಿನ ಬಣ್ಣ ಹೊಳೆಸಿ ಗಾಡಿ ತಂದ್ಲು. ಅವು ಕದಲಲೇ ಇಲ್ಲ. "ನಾವಿನ್ನೂ ಅಂಗಡೀಲಿದೀವಿ ಅಲ್ವಾ?" ಅಂದ್ವು. ಸೋತ್ಲು.

ಎರಡ್ನೇ ಸಲ ಮೇಲಿಂದ ಕೆಳಗಿನವರೆಗೂ ಕೆಸರು ಮೆತ್ತಿದ್ಲು. ನೆತ್ತಿ ಮೇಲೂ ಕೆಸರು ಕಂಡ ಗಾಡಿಗಳು, "ಓಹೋ, ನಾವು ಓಡೋದು ಹಿಂಗೆ" ಅಂತ ಮಗುಚಿಕೊಂಡು ಗಾಲಿ ಮೇಲೆತ್ತಿ ಬಿದ್ಕೊಂಡ್ವು. ಸೋತ್ಲು. ಬೀದಿ ಹೆಂಗಸರು ಬಿಡ್ತಾರಾ? "ಗಂಡನ್ನ ತರಕ್ಕೆ ಹೋದೋಳು ಕೈ ಕೆಸರು ಮಾಡ್ಕೊಂಡು ಬಂದ್ಲು, ಬಾಯಿಗೆ ಮೊಸರೂ ಇಲ್ಲ!"

ಚೆನ್ನಾಜಿ ಕಿವಿಗೆ ಹಾಕ್ಕೊಳ್ಳಲಿಲ್ಲ. ದಾರಿ ಬದೀಲಿ ಕುಕ್ಕರುಗಾಲಲ್ಲಿ ಕೂತು ಹೋಗೋ ಬರೋ ಗಾಡಿಗಳನ್ನೇ ನೋಡಿದ್ಲು.

"ಏನವ್ವಾ, ಗಾಡಿ ಕೊಳ್ತೀಯಾ?" ಅಂದ ಒಬ್ಬ ಗಾಡಿಯೋನು.

"ಇಲ್ಲ ಕಣಣ್ಣ, ಅದರ ಕೊಳೆ ನೋಡ್ತಿದೀನಿ. ಈ ಮೆಟ್ಲಲ್ಲಿ ಬಣ್ಣ ಎಲ್ಲೋಯ್ತು?"

"ದಿನಾ ಇಳಿಯೋ ಜಾಗ ಅಲ್ವಾ? ಕಾಲು ಬಣ್ಣಾನ ತಿಂದ್ಹಾಕುತ್ತೆ."

ಮೂರ್ನೇ ಸಲ ಗಾಲಿ ಅಂಚಿಗಷ್ಟೇ ಕೆಸರು ಚಿಮುಕಿಸಿದ್ಲು. ತೋಪಿನ ಬಾಯಿಗೆ ದೀಪದ ಮಸಿ ಉಜ್ಜಿದ್ಲು. ಮೊಳೆ ಕೆಳಗೆ ಕಾವಿ ನೀರು ಇಳಿಬಿಟ್ಲು, ಮಳೇಲಿ ತುಕ್ಕು ಸೋರಿದ ಹಂಗೆ. ಹಲಗೆ ಮೇಲಿಟ್ಟಿದ್ದೇ ತಡ, "ಎಷ್ಟು ಯುದ್ಧ ನೋಡಿಲ್ಲ ನಾವು!" ಅಂತ ನುಗ್ಗಿ ಕರಿಬೂದಿಯ ಗಾಡಿ ಸಾಲು ಮುರಿದು ಹಾಕಿದ್ವು.

"ಗೆದ್ದೆ, ಕರ್ಕೊಂಡ್ಹೋಗು," ಅಂತ ನಕ್ಕ ಮಾಂತ್ರಿಕ. "ಅವನು ಇಳಿದ್ರೆ ತಾನೇ!"

ಮಾಳಿಂಗನ ಕಾಲು ಏಳಲೇ ಇಲ್ಲ. "ನನ್ನಿಂದ ಯಾರೂ ಯಾವತ್ತೂ ಇಳಿದಿಲ್ಲ," ಅಂತು ಗಾಡಿ.

ಚೆನ್ನಾಜಿ ಬಗ್ಗಿ ನೋಡಿದ್ಲು. ಮೆಟ್ಲ ಬಣ್ಣ ಹೊಚ್ಚ ಹೊಸದು. ಬೆರಳಿಗೆ ಎಂಜಲು ಹಚ್ಚಿ, ಮರಳಲ್ಲಿ ಅದ್ದಿ, ಮರ ಕಾಣೋವರೆಗೂ ಉಜ್ಜಿದ್ಲು.

"ಅಯ್ಯೋ, ಇಲ್ಲಿ ದಿನಾ ಜನ ಇಳೀತಿದ್ರಲ್ಲ!" ಅಂತು ಗಾಡಿ. ಮಾಳಿಂಗ ಇಳಿದ. ಇಳಿದೋನು ಆಳೆತ್ತರ ಆದ.

"ಸ್ವಲ್ಪ ಬೇಗ ಬರ್ಬಾರ್ದಿತ್ತಾ?" ಅಂದ.

"ನಿನ್ನ ಮೀಸೆಗಿಷ್ಟು ಬೆಂಕಿ ಹಾಕ! ಆ ಕಡೆ ಗಾಡಿ ಮೆಟ್ಲು ಉಜ್ಜು," ಅಂದ್ಲು.

ಒಂದೊಂದೇ ಗಾಡಿಯಿಂದ ಜನ ಇಳಿದು ಬೆಳೆದ್ರು. ಅವರ ಕೆಂಗಣ್ಣು ಕಂಡು ಕರಿಬೂದಿ ತಪ್ಪಿಸಿಕೊಳ್ಳೋಕೆ ದಾರಿ ಹುಡುಕಿದ. ತಾನೂ ಹೆಬ್ಬೆಟ್ಟಷ್ಟಾಗಿ, ಖಾಲಿ ಇದ್ದ ಹೊಸ ಗಾಡಿ ಹತ್ತಿ ಓಟ ಕಿತ್ತ. ತುಂಬೆಕೋಟೆ ಜನ ಉಂಡು ಉಟ್ಟು, ಆಗಾಗ ಜಗಳ ಆಡ್ಕೊಂಡು, ತಣ್ಣಗೆ ಬಾಳಿದ್ರು. ಮಾಂತ್ರಿಕ ಮಾತ್ರ ಇಳಿಯೋಕಾಗದೆ ಹಲಗೆ ಸುತ್ತ ಸುತ್ತುತಾನೇ ಇದಾನೆ. ಅವನ ಮೆಟ್ಲು ಉಜ್ಜೋಕೆ ಯಾರಿಗೆ ತಾನೆ ಪುರುಸೊತ್ತು?