ಹೆಂಚಿನ ಮೇಲಿನ ಶನಿವಾರಗಳು

"ಗೋಡೆಗೆ ಬಣ್ಣ ಹೊಡೆಸು, ಬಾಗಿಲು ಉಜ್ಜಿಸು, ನಾನು ಬೇಡ ಹೇಳುವುದಿಲ್ಲ. ಹೆಂಚಿನ ಮೇಲೆ ಬಿದ್ದಿರುವುದನ್ನು ಮಾತ್ರ ಮುಟ್ಟುವುದು ಬೇಡ ಯಕ್ಷಿತಾ. ಅದನ್ನು ಇಳಿಸಿದವರ ಕಣ್ಣಿಗೆ ಅದು ಹೋಗಿ ಕೂರುತ್ತದೆ."

ಅತ್ತೆ ಸೇವಂತಿ ಹೀಗೆಂದಾಗ ಯಕ್ಷಿತಾ ನಕ್ಕಳು. ಸಂತೋಷದ ನಗುವಲ್ಲ ಅದು. ಸಿಟ್ಟು ನೆತ್ತಿಗೇರಿದವರು ಹಲ್ಲು ಕಚ್ಚಿಕೊಂಡು ನಗುತ್ತಾರಲ್ಲ, ಅಂಥದ್ದು.

"ನನ್ನ ಕಣ್ಣಲ್ಲಿ ಕೂರಲಿ ಬಿಡಿ ಅತ್ತೆ. ನಿಮ್ಮ ಹೆಂಚಿನ ಮಾಡಿನ ನೀರು ನನ್ನ ಮಗಳ ಎದೆಯಲ್ಲಿ ಕೂತಿದೆ. ಅದಕ್ಕಿಂತ ದೊಡ್ಡ ಭೂತ ಎಂತ ಬರಲಿಕ್ಕುಂಟು?"

ಅವಳ ಸಿಟ್ಟಿಗೆ ಕಾರಣವಿತ್ತು, ಇಲ್ಲವೆಂದು ಯಾರೂ ಹೇಳುವಂತಿಲ್ಲ. ಮುಂಬೈ ಮಲಾಡಿನ ಹಳೆಯ ಗಲ್ಲಿಯಲ್ಲಿ, ನಾಲ್ಕೂ ಕಡೆ ಟವರುಗಳು ಎದ್ದು ಬಿಸಿಲನ್ನೆಲ್ಲ ನುಂಗಿದ ಮೇಲೆ ಉಳಿದುಕೊಂಡ ಹೆಂಚಿನ ಮನೆ ಅದು. ಮಳೆಗಾಲ ಬಂತೆಂದರೆ ಒಳಕೋಣೆಯ ಸೂರು ತೊಟ್ಟಿಕ್ಕುತ್ತಿತ್ತು, ಗೋಡೆಗೆ ಕಪ್ಪು ಬೂಷ್ಟು ಹತ್ತುತ್ತಿತ್ತು, ಅದರ ಕೆಳಗೆ ಮಲಗುವ ಪುಟ್ಟ ಹರಿಣಿ ಉಸಿರಿಗಾಗಿ ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಮನೆ ಬದಲಿಸಿ ಎಂದು ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಜಗಳವಾಡಿ, ಊಟ ಬಿಟ್ಟು, ಪರೇಲಿನ ತವರಿಗೆ ಹೊರಟು ನಿಂತು, ಯಕ್ಷಿತಾ ಕೊನೆಗೆ ಮನೆ ಮಾರಲು ಅತ್ತೆಯನ್ನು ಒಪ್ಪಿಸಿದ್ದಳು. ಸ್ಟೇಷನ್ನಿಗೆ ಹತ್ತಿರದ ಒಂದು ಬಿಲ್ಡಿಂಗಿನಲ್ಲಿ ಗಾಳಿ ಬರುವ ಕಿಟಕಿಯಿದ್ದ ಫ್ಲಾಟನ್ನೂ ನೋಡಿ ಬಂದಿದ್ದಳು. ಈ ಮನೆ ಕೊಳ್ಳುವ ಬಸವಂತರಾಯ ಇವತ್ತು ಸಂಜೆ ನೋಡಲು ಬರುವವನಿದ್ದ. ಹೆಂಚಿನ ಮೇಲೆ ಮಾತ್ರ ಆ ಅಸಹ್ಯ ಹಾಗೇ ಬಿದ್ದಿತ್ತು.

ಅಸಹ್ಯವೆಂದರೆ ನಿಂಬೆಹಣ್ಣು ಮತ್ತು ಮೆಣಸಿನಕಾಯಿ. ಮುಂಬೈಯಲ್ಲಿ ಯಾವ ಅಂಗಡಿಯ ಬಾಗಿಲಲ್ಲಿ ಅದು ನೇತಾಡುವುದಿಲ್ಲ? ಶನಿವಾರ ಹೊಸದನ್ನು ಕಟ್ಟುತ್ತಾರೆ, ವಾರವಿಡೀ ಜನರ ಕೆಟ್ಟ ದೃಷ್ಟಿಯನ್ನು ಕುಡಿದು ಬಾಡಿದ ಹಳೆಯದನ್ನು ರಸ್ತೆಗೆ ಎಸೆಯುತ್ತಾರೆ. ತುಳಿದವನ ಹಣೆಬರಹ ತುಳಿದವನಿಗೆ. ಆದರೆ ಯಕ್ಷಿತಾಳ ಮಾವ ಅಣ್ಣು, ಉಡುಪಿಯಿಂದ ಬಂದು ಸ್ಟೇಷನ್ನಿನ ಎದುರು ಹೋಟೆಲಿಟ್ಟ ಮನುಷ್ಯ, ಮಹಾ ಧರ್ಮಿಷ್ಠ. ದಾರಿಯಲ್ಲಿ ಹೋಗುವ ಬಡಪಾಯಿಗೆ ನಮ್ಮ ದರಿದ್ರ ಯಾಕೆ ಅಂಟಬೇಕು ಎಂದು ಹಳೆಯ ನಿಂಬೆಯನ್ನು ಮನೆಗೆ ತಂದು ಮಾಡಿನ ಮೇಲೆ ಎಸೆಯುತ್ತಿದ್ದ. ಮಳೆ ಬಿಸಿಲು ಅದನ್ನು ತಿಂದು ಮುಗಿಸಲಿ ಎಂದು. ಅವನು ಸತ್ತ ಮೇಲೆ ಸೇವಂತಿಯೂ ಹೋಟೆಲು ಮುಚ್ಚುವ ತನಕ ಹಾಗೆಯೇ ಮಾಡಿದಳು. ಊರಿಗೆಲ್ಲ ಉಪಕಾರ, ಮನೆಯವರ ತಲೆಯ ಮೇಲೆ ಕಸ. ಯಕ್ಷಿತಾಳ ಮೈ ಉರಿಯುತ್ತಿದ್ದುದು ಇದಕ್ಕೇ.

ಮಾಡು ತೊಳೆಯಲು ಕೂಲಿಯವರು ನಿಲ್ಲುವ ನಾಕಾದಿಂದ ಕರೆಸಿದ ಖಂಡಪ್ಪ, ಕಲಬುರಗಿ ಕಡೆಯವನು, ಏಣಿ ಹತ್ತಿ, ಸೋರದಿರಲಿ ಎಂದು ಆಮೇಲೆ ಹೊದೆಸಿದ್ದ ತಾಡಪಾಲಿನ ಅಂಚು ಎತ್ತಿ ನೋಡಿದ. ನೋಡಿದವನು ಅಷ್ಟೇ ವೇಗದಲ್ಲಿ ಇಳಿದ.

"ನಮ್ಮ ಕೈಲೆ ಆಗೂದಿಲ್ಲ ಬಾಯಾರ."

"ಯಾಕೆ? ಎಂತ ಉಂಟು ಅಲ್ಲಿ?"

"ನಂಗೇನೂ ಕೇಳಬ್ಯಾಡ್ರಿ. ಮನ್ಯಾಗ ಸಣ್ಣ ಹುಡುಗ್ರು ಅದಾವ." ಪೊರಕೆಯನ್ನೂ ಬಿಟ್ಟು ಅವನು ಗಲ್ಲಿ ದಾಟಿದ.

ಗಂಡ ರೋಶನ್ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಬಾಂದ್ರಾದ ಒಂದು ರೆಸ್ಟೋರೆಂಟಿನಲ್ಲಿ ಮ್ಯಾನೇಜರು ಅವನು. ಮನೆಯಲ್ಲಿ ಮಾತ್ರ ಯಾವುದಕ್ಕೂ ಮ್ಯಾನೇಜರಲ್ಲ. "ಛೋಡ್ ನಾ ಯಾರ್, ಮಮ್ಮಿ ಹೇಳ್ತಾರಲ್ಲ. ನನಗೆ ಲೇಟಾಯ್ತು" ಎಂದು ಜಾರಿಕೊಂಡ.

ಯಕ್ಷಿತಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಪೊರಕೆ ಎತ್ತಿಕೊಂಡಳು. "ಈ ಮನೆಯಲ್ಲಿ ಗಂಡಸು ಯಾರೂ ಇಲ್ಲ ಅಂತ ಗೊತ್ತಿತ್ತು. ನಾನೇ ಹತ್ತುತ್ತೇನೆ."

ಸೇವಂತಿ ಬಾಗಿಲಿಗೆ ಅಡ್ಡ ಬಂದಳು. ಯಕ್ಷಿತಾ ಅವಳ ಕೈಯನ್ನು ತಳ್ಳಿದಳು. ಹರಿಣಿಯನ್ನು ಪಕ್ಕದ ಮನೆಯ ವಂದನಾ ಆಡಿಸಲು ಕರೆದೊಯ್ದಿದ್ದಳು, ಪುಣ್ಯ.

ಮೇ ತಿಂಗಳ ನಡುಮಧ್ಯಾಹ್ನ. ಹೆಂಚು ಕಾವಲಿಯಂತೆ ಕಾದಿತ್ತು. ಎರಡು ಇಳಿಜಾರು ಕೂಡುವ ಸಂದಿಯ ಮೇಲೆ ಹೊದೆಸಿದ ನೀಲಿ ತಾಡಪಾಲಿನ ಕೆಳಗೆ ಮಾತ್ರ ಕತ್ತಲೆ. ಅವಳು ಮಂಡಿಯೂರಿ ಒಳಗೆ ತೂರಿದಳು. ಮೊದಲು ಬಂದದ್ದು ವಾಸನೆ. ಹಳೆಯ ಉಪ್ಪಿನಕಾಯಿಯ ಹುಳಿ, ಅದರಡಿಯಲ್ಲಿ ಮೆಣಸಿನ ಘಾಟು, ಅದಕ್ಕೂ ಅಡಿಯಲ್ಲಿ ಬೆವೆತ ಮನುಷ್ಯರ ಮೈವಾಸನೆ. ಲೋಕಲ್ ಟ್ರೇನಿನ ಡಬ್ಬಿಯಲ್ಲಿ ಜನ ಒತ್ತಿ ನಿಂತಾಗ ಬರುತ್ತದಲ್ಲ, ಹಾಗೆ.

ಸಂದಿಯ ಉದ್ದಕ್ಕೂ ರಾಶಿ. ಕಪ್ಪು ದಾರದಲ್ಲಿ ಪೋಣಿಸಿದ, ತಂತಿ ತುಕ್ಕು ಹಿಡಿದ, ಒಣಗಿ ಚರ್ಮಗಟ್ಟಿದ ನಿಂಬೆಗಳ ರಾಶಿ. ಅದು ಮಳೆನೀರಿಗೆ ಕಟ್ಟೆ ಕಟ್ಟಿ ನಿಂತಿತ್ತು. ನೀರು ಹರಿಯಲು ದಾರಿಯಿಲ್ಲದೆ ಸೋರುತ್ತಿದ್ದುದು ಸರಿಯಾಗಿ ಒಳಕೋಣೆಗೆ, ಮಗಳ ಹಾಸಿಗೆಯ ಮೇಲಕ್ಕೆ.

"ಇದಾ!" ಅವಳು ಕಿರುಚಿದಳು. "ಇದಕ್ಕಾ ನನ್ನ ಮಗು ಇಷ್ಟು ವರ್ಷ ಉಸಿರು ಕಟ್ಟಿ ಒದ್ದಾಡಿದ್ದು!"

ಪೊರಕೆ ಬೀಸಿದಳು. ಮೇಲಿನ ಪದರ ಗಲಗಲನೆ ಅಂಗಳಕ್ಕೆ ಉರುಳಿತು. ಇನ್ನೊಮ್ಮೆ ಬೀಸಿದಳು. ಕೆಳಗಿನವು ಒಣಗಿರಲಿಲ್ಲ. ಇವತ್ತು ಬೆಳಿಗ್ಗೆ ಕೊಯ್ದಂತೆ ಹಳದಿಯಾಗಿ, ಉಬ್ಬಿಕೊಂಡು, ಒದ್ದೆಯಾಗಿ ಹೊಳೆಯುತ್ತಿದ್ದವು. ಹೋಟೆಲು ಮುಚ್ಚಿ ಎಷ್ಟು ಕಾಲವಾಯಿತು? ಅವಳ ಕೈ ಒಂದು ಕ್ಷಣ ತಡೆಯಿತು. ದಾರ ಹೋದ ತೂತುಗಳು ಒಂದೊಂದು ಹಣ್ಣಿನಲ್ಲೂ ಕಪ್ಪಗೆ ಕಾಣುತ್ತಿದ್ದವು. ಎಲ್ಲವೂ ಅವಳ ಕಡೆಗೇ ತಿರುಗಿದ್ದವು.

ಅವಳು ಪಕ್ಕಕ್ಕೆ ಸರಿದಳು. ತೂತುಗಳೂ ಸರಿದವು.

ಆಗ ಕೇಳಿಸಿತು, ಕಿವಿಯ ಹತ್ತಿರವೇ ಒಂದು ಗೊಣಗು. "ಯಾಂಚಂಚ ಕಾ ಚಾಲತಂ?" ಇನ್ನೊಂದು ದನಿ, "ಇನ್ಹೀ ಕಾ ಧಂದಾ ಕ್ಯೋಂ?" ಮತ್ತೊಂದು, ಅವಳದೇ ಭಾಷೆಯಲ್ಲಿ, "ಇವರದೇ ವ್ಯಾಪಾರ ಯಾಕೆ? ನಮಗೆ ಯಾಕಿಲ್ಲ?" ಹೋಟೆಲಿನ ಮುಂದೆ ಹಾದುಹೋದ ಯಾರ್‍ಯಾರದೋ ಹೊಟ್ಟೆಕಿಚ್ಚು, ದಶಕಗಳದು, ಅಲ್ಲಿ ಕುದಿಯುತ್ತಿತ್ತು.

ಇನ್ನೊಬ್ಬಳಾದರೆ ಅಷ್ಟಕ್ಕೇ ಇಳಿದುಬಿಡುತ್ತಿದ್ದಳು. ಯಕ್ಷಿತಾಳಿಗೆ ಹೆದರಿಕೆಯ ಜೊತೆಗೇ ರೋಷವೂ ಬಂತು. ಹುಚ್ಚಿಯಂತೆ ಗುಡಿಸಿದಳು. ಹಣ್ಣುಗಳು ಅಂಗಾಲಡಿ ಒಡೆದವು. ರಸ ಬಿಸಿಯಾಗಿತ್ತು. ಮೆಣಸಿನ ಧೂಳು ಎದ್ದಿತು. ಮೂಗು ಉರಿಯಿತು. ಗಂಟಲು ಕಟ್ಟಿತು. ಗುಡಿಸಿದಳು. ಕಣ್ಣಿಗೆ ಬೆಂಕಿ ಬಿತ್ತು. ಏನೂ ಕಾಣಿಸಲಿಲ್ಲ. ಆದರೂ ಗುಡಿಸಿದಳು. ಕೊನೆಯ ಹಣ್ಣು ಉರುಳಿತು. ದನಿಗಳು ನಿಂತವು.

ಇಳಿದು ಬಂದು ನಲ್ಲಿಯ ಕೆಳಗೆ ಮುಖ ಒಡ್ಡಿದಳು. ಉರಿ ತಟ್ಟನೆ ಇಳಿಯಿತು. ಇಳಿಯಿತು ಎನ್ನುವುದಕ್ಕಿಂತ, ಒಳಗೆ ಹೋಗಿ ಕುಳಿತಿತು ಎನ್ನಬೇಕು. ರಾಶಿಯನ್ನು ಗೋಣಿಯಲ್ಲಿ ತುಂಬಿ ಕಚ್ರಾ ಗಾಡಿಗೆ ಹಾಕಿದಳು. ತಲೆಯೆತ್ತಿ ನೋಡಿದಳು. ಹೆಂಚು ಕೆಂಪಗೆ, ಶುದ್ಧವಾಗಿ ಕಾಣಿಸಿತು. "ನೋಡಿದಿರಾ ಅತ್ತೆ? ಎಲ್ಲಿ ನಿಮ್ಮ ದೃಷ್ಟಿ?" ಎಂದು ಮೂದಲಿಸಿದಳು. ಸೇವಂತಿ ಸೊಸೆಯ ಕಣ್ಣನ್ನೇ ನೋಡುತ್ತಿದ್ದಳು.

ಸಂಜೆಗೆ ಬಸವಂತರಾಯ ಬಂದ. ಆಳೆತ್ತರ, ಗಟ್ಟಿ ನಗು. ಗೋಡೆಗೆ ಗುದ್ದಿ ನೋಡಿದ, ಮಾಡಿನ ಕಡೆ ನೋಡಿ "ಭಾರಿ ಚಂದ ಇಟ್ಟೀರಿ" ಎಂದ. ಗಂಡಸೆಂದರೆ ಹೀಗಿರಬೇಕು, ಎಂಥ ಗಟ್ಟಿ ಜೀವ ಎಂದು ಯಕ್ಷಿತಾ ಮೆಚ್ಚಿ ನೋಡಿದಳು. ಅಷ್ಟೇ. ಅವನ ನಗು ಒಂದು ಬದಿಗೆ ಜಾರಿತು. ಬಾಯಿ ವಕ್ರವಾಯಿತು. ಕೈಯಲ್ಲಿದ್ದ ಚಹಾದ ಲೋಟ ಬಿತ್ತು, ಅದರ ಹಿಂದೆಯೇ ಅವನೂ ಬಿದ್ದ. ಗಲ್ಲಿಯವರು ರಿಕ್ಷಾ ತಂದು ಎತ್ತಿಕೊಂಡು ಓಡಿದರು. ಲಕ್ವ ಎಂದರು. ಬಿಸಿಲು ಎಂದರು.

ಗಲಾಟೆ ಕೇಳಿ ಹರಿಣಿ ವಂದನಾಳ ಕೈ ಬಿಡಿಸಿಕೊಂಡು ಓಡಿ ಬಂದಳು. ವಂದನಾ ಅವಳಿಗೆ ಹಳದಿ ಫ್ರಾಕು ತೊಡಿಸಿ, ಎರಡು ಜಡೆ ಹಾಕಿದ್ದಳು.

"ಮಮ್ಮಿ, ದೇಖೋ! ಮೈಂ ಕೈಸೀ ಲಗ್ ರಹೀ ಹೂಂ? ಚಂದ ಉಂಟಾ?"

ಯಕ್ಷಿತಾ ನೋಡಿದಳು. ಎಷ್ಟು ಮುದ್ದಾಗಿದ್ದಾಳೆ ನನ್ನ ಕೂಸು ಎಂದು ಅವಳ ಎದೆ ತುಂಬಿತು.

ಹರಿಣಿಯ ಉಸಿರು ಅಲ್ಲೇ ಸಿಕ್ಕಿಕೊಂಡಿತು. ತುಟಿ ನೀಲಿಯಾಯಿತು. ಬಾಯಿ ತೆರೆಯಿತು, ಗಾಳಿ ಹೋಗಲಿಲ್ಲ. ಸೇವಂತಿ ನಡುವೆ ನುಗ್ಗಿ ಸೊಸೆಯ ಮುಖಕ್ಕೆ ಅಂಗೈ ಒತ್ತಿದಳು. "ಮುಚ್ಚು! ಕಣ್ಣು ಮುಚ್ಚು!" ಮುಚ್ಚಿದಳು. ಮಗುವಿನ ಗೊರಗೊರ ನಿಲ್ಲಲಿಲ್ಲ. ಉಸಿರಿನ ಪಂಪಿನ ಔಷಧ ಹೊಡೆದರು, ತಾಗಲಿಲ್ಲ.

"ಬೈ ಅವಳನ್ನು!" ಸೇವಂತಿ ಅರಚಿದಳು. "ಚೆಂದ ಅಂತ ನೋಡಿದೆಯಲ್ಲ, ಆ ಕಣ್ಣು ಅವಳ ಮೇಲೆ ಕೂತಿದೆ. ಸಿಟ್ಟಿಗೆ ಮಾತ್ರ ಅದು ಎದ್ದು ಹೋಗುವುದು. ಬಾಯಿಮಾತು ಸಾಲದು. ಹೊಟ್ಟೆಯಿಂದ ಬೈ!"

ಯಕ್ಷಿತಾ ಬೈದಳು. ಸಾಯುತ್ತಿರುವ ತನ್ನ ಮಗುವನ್ನು. ಶನಿ ಎಂದಳು. ಪೀಡೆ ಎಂದಳು. ನೀನು ಹುಟ್ಟಿದ ಮೇಲೆ ಒಂದು ರಾತ್ರಿ ನಿದ್ದೆ ಕಂಡಿಲ್ಲ ಎಂದಳು. ಅದು ನಿಜವಾಗಿತ್ತು, ಆ ನಿಜದ ಬುಡದಿಂದ ಸಿಟ್ಟು ಎದ್ದು ಬಂತು. ನೀನಿಲ್ಲದಿದ್ದರೆ ನಾನು ಸುಖವಾಗಿರುತ್ತಿದ್ದೆ ಎಂದಳು. ಹರಿಣಿ ಉಸಿರೆಳೆದುಕೊಂಡಳು. ಆ ಉಸಿರಲ್ಲೇ ಅಳತೊಡಗಿದಳು. ಅಮ್ಮನಿಗೆ ಹೆದರಿ ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿದಳು.

ಅವತ್ತಿನಿಂದ ಯಕ್ಷಿತಾಳ ಕಣ್ಣಿಗೆ ಬಟ್ಟೆ.

ಮನೆಯನ್ನು ಬೇರೆ ಯಾರೋ ಕೊಂಡರು. ಕಿಟಕಿಯ ಫ್ಲಾಟೂ ಸಿಕ್ಕಿತು. ಹರಿಣಿಯ ಎದೆ ಸರಿಹೋಯಿತು, ಹೊಸ ಸ್ಕೂಲಿನಲ್ಲಿ ಓಟದಲ್ಲಿ ಗೆದ್ದಳಂತೆ. ಅಂತೆ, ಅಷ್ಟೇ. ಮಗಳಿಗಾಗಿ ಪಡೆದ ಮನೆಯಲ್ಲಿ ಮಗಳ ಮುಖ ನೋಡುವ ಹಾಗಿರಲಿಲ್ಲ. ಎಷ್ಟು ಉದ್ದ ಬೆಳೆದಳೆಂದು ಕೈಯಿಂದ ತಡವಿ ತಿಳಿದುಕೊಳ್ಳೋಣವೆಂದರೆ ಹುಡುಗಿ ಹತ್ತಿರ ಬರುತ್ತಿರಲಿಲ್ಲ. ಬೈಗುಳ ಅವಳಿಗೆ ಮರೆತಿರಲಿಲ್ಲ. ರೋಶನ್‌ನನ್ನು ಕಣ್ಣಿನ ಬಟ್ಟೆ ತೆಗೆದು ನೋಡಿದರೂ ಅವನಿಗೆ ಏನೂ ಆಗುತ್ತಿರಲಿಲ್ಲ. ಅದಕ್ಕೆ ಸಮಾಧಾನಪಡಬೇಕೋ ಅವಮಾನಪಡಬೇಕೋ ತಿಳಿಯದೆ ಅವನು ಬಾಂದ್ರಾದಲ್ಲೇ ಹೆಚ್ಚು ಹೊತ್ತು ಉಳಿಯತೊಡಗಿದ.

ಸೇವಂತಿಯನ್ನೂ ಅವಳು ಧಾರಾಳವಾಗಿ ನೋಡಬಹುದಿತ್ತು. ಮಗಳು ಸ್ಕೂಲಿಗೆ ಹೋದ ಕೂಡಲೇ ಕಣ್ಣಿನ ಬಟ್ಟೆ ಬಿಚ್ಚಿ, ಅತ್ತೆಯನ್ನು ದುರುಗುಟ್ಟಿ ನೋಡುತ್ತಾ ಬೈಯುತ್ತಿದ್ದಳು. ನಿಮ್ಮ ಗಂಡನ ಧರ್ಮ ಸುಟ್ಟುಹೋಗಲಿ. ಮುಟ್ಟಬೇಡ ಎಂದು ಹೇಳುವಾಗ ಕೈಕಾಲು ಕಟ್ಟಿಯಾದರೂ ನನ್ನನ್ನು ತಡೆಯಬಾರದಿತ್ತೇ. ಸೇವಂತಿ ಬಂಗುಡೆ ಮೀನು ಕೊಯ್ಯುತ್ತಾ ಕೂರುತ್ತಿದ್ದಳು. ಅವಳ ಆರೋಗ್ಯ ಕಲ್ಲಿನಂತೆ ಗಟ್ಟಿಯಾಗಿತ್ತು.

ಒಂದು ಮಧ್ಯಾಹ್ನ, ಸ್ಕೂಲಿಗೆ ರಜೆ. ಕಣ್ಣು ಕಟ್ಟಿಕೊಂಡು ಒಳಗೆ ಮಲಗಿದ್ದ ಯಕ್ಷಿತಾಳಿಗೆ ಅಡುಗೆಮನೆಯ ಮಾತು ಕೇಳಿಸಿತು. ಹರಿಣಿ ಊಟ ಮಾಡುತ್ತಿದ್ದಳು.

"ಮಮ್ಮಿಗೆ ನಾನು ಅಂದ್ರೆ ಗುಸ್ಸಾ, ಹೈ ನಾ ಅಜ್ಜಿ?"

"ಇಲ್ಲ ಪುಟ್ಟಾ. ಅವಳ ಕಣ್ಣಿಗೆ ಆದದ್ದು ನನ್ನಿಂದ. ತಪ್ಪೆಲ್ಲ ನನ್ನದು. ನಿನ್ನ ಅಮ್ಮನಷ್ಟು ನಿನ್ನನ್ನು ಪ್ರೀತಿ ಮಾಡುವವರು ಈ ಮುಂಬೈಯಲ್ಲೇ ಯಾರೂ ಇಲ್ಲ. ದಿನಾ ನಿನ್ನ ಓಟದ ಸುದ್ದಿ ನನ್ನ ಹತ್ತಿರ ಕೇಳುವುದು ಅವಳೇ. ನಾಳೆ ಒಮ್ಮೆ ಅವಳ ಹತ್ತಿರ ಕೂತುಕೋ, ಆಯ್ತಾ?"

ಹುಡುಗಿ "ಆಯ್ತು" ಎಂದಳು. ಆಮೇಲೆ ಆಡಲು ಹೊರಗೆ ಓಡಿದಳು. ಬಾಗಿಲು ಮುಚ್ಚಿದ ಸದ್ದಾಯಿತು.

ಯಕ್ಷಿತಾ ಎದ್ದು ಬಂದಳು. ಕಣ್ಣಿನ ಬಟ್ಟೆ ಬಿಚ್ಚಿದಳು. ಸೇವಂತಿ ಬೆನ್ನು ಬಾಗಿಸಿ, ಮಗು ಚೆಲ್ಲಿದ ಅನ್ನದ ಅಗುಳನ್ನು ನೆಲದಿಂದ ಒಂದೊಂದಾಗಿ ಆರಿಸುತ್ತಿದ್ದಳು. ಬೆರಳುಗಳು ಬಿರುಕು ಬಿಟ್ಟಿದ್ದವು. ಕೂದಲು ಪೂರಾ ಬೆಳ್ಳಗಾಗಿತ್ತು. ದಿನವೂ ದುರುಗುಟ್ಟುತ್ತಿದ್ದವಳಿಗೆ ಇದೆಲ್ಲ ಇವತ್ತೇ ಕಂಡಿತು. ಈ ಮುದುಕಿ ಇಲ್ಲದಿದ್ದರೆ ನಾನೇನಾಗುತ್ತಿದ್ದೆ ಎಂದುಕೊಂಡಳು. ಅವಳ ಕಣ್ಣು ಒದ್ದೆಯಾಯಿತು.

ಸೇವಂತಿಯ ಕೈಯಿಂದ ಅಗುಳು ಉದುರಿದವು.

ಅವಳು ತಲೆಯೆತ್ತಿ ಸೊಸೆಯ ಕಣ್ಣು ನೋಡಿದಳು. ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು.

"ಬೈ..." ಎಂದಳು. "ಬೈ ಮಾರಾಯ್ತಿ. ಬೇಗ ಬೈ."

ಯಕ್ಷಿತಾ ಬಾಯಿ ತೆರೆದಳು. ಇಷ್ಟು ವರ್ಷದ ಬೈಗುಳ, ದಿನಾ ಕಾರಿದ ವಿಷ, ಎಲ್ಲವನ್ನೂ ತಡಕಾಡಿದಳು. ಮುದಿ ಪೀಡೆ ಎಂದಳು, ಅದು ಬರಿ ಗಾಳಿಯಾಗಿ ಹೊರಬಂತು. ಸುಟ್ಟುಹೋಗಲಿ ಎಂದಳು, ನಾಲಗೆ ತೊದಲಿತು. ಸೇವಂತಿಯ ತುಟಿ ನೀಲಿಗಟ್ಟುತ್ತಿತ್ತು. ಸಿಟ್ಟು ಬೇಕಿತ್ತು, ಒಂದು ಗುಟುಕು ಸಿಟ್ಟು. ಕೆನ್ನೆಗೆ ತಾನೇ ಹೊಡೆದುಕೊಂಡಳು. ನೆಲಕ್ಕೆ ಕುಸಿದು ಅತ್ತೆಯ ಭುಜ ಹಿಡಿದು ಅಲುಗಾಡಿಸಿದಳು.

"ಅತ್ತೆ, ಬರ್ತಾ ಇಲ್ಲ," ಎಂದು ಅತ್ತಳು. "ಸಿಟ್ಟೇ ಬರ್ತಾ ಇಲ್ಲ ಅತ್ತೆ."